ಪ್ರಾಜಕ್ತಾಳಿಗೆ ತೆರೆಯದ ಫೋಲ್ಡರ್

ಬನಹಟ್ಟಿಯ ಸೀರೆ ಕಂಪನಿಗೆ ಕಲ್ಮೇಶ ಮೂರನೇ ಸಲ ಬಂದಾಗ ಪ್ರಾಜಕ್ತಾ ಕೂರಲು ಕುರ್ಚಿಯನ್ನೂ ತೋರಿಸಲಿಲ್ಲ. ಕಂಪ್ಯೂಟರ್ ರಿಪೇರಿಯವರೆಂದರೆ ಆಫ್ ಮಾಡಿ ಆನ್ ಮಾಡುವುದನ್ನೇ ವಿದ್ಯೆ ಎಂದುಕೊಂಡವರು ಎಂಬುದು ಅವಳ ಅಭಿಪ್ರಾಯ. ಇವನ ಅಂಗಿಯ ಒಂದು ತೋಳು ಮಡಿಚಿತ್ತು, ಇನ್ನೊಂದು ಇಳಿಬಿದ್ದಿತ್ತು. ಇಂಥವನು ಮೇಲ್ ಸರ್ವರ್ ಏನು ಸರಿಮಾಡಿಯಾನು?

ಅಂಗಡಿಗಳಿಂದ ಬರುವ ಆರ್ಡರುಗಳೆಲ್ಲ ಸರ್ವರ್‌ನ ಒಂದು ಶೇರ್ಡ್ ಫೋಲ್ಡರಿಗೆ ಬೀಳುತ್ತಿದ್ದವು. ನೋಡಿಕೊಳ್ಳುವವಳು ಪ್ರಾಜಕ್ತಾ. ಎರಡು ವಾರದಿಂದ ಅದು ಅವಳಿಗೇ ತೆರೆಯುತ್ತಿರಲಿಲ್ಲ. ಕಲ್ಮೇಶ ಜಮಖಂಡಿಯಿಂದ ಬಂದು ಪರ್ಮಿಷನ್ ಕೊಟ್ಟು ಹೋಗುವನು, ಮರುದಿನ ಮತ್ತೆ ಬಂದ್. ಅಷ್ಟರಲ್ಲಿ ಸೊಲ್ಲಾಪುರದ ದೊಡ್ಡ ಆರ್ಡರೊಂದು ಕೈತಪ್ಪಿತು. ಮ್ಯಾನೇಜರ್ ರಾಮಲಿಂಗಪ್ಪ ತಪ್ಪನ್ನೆಲ್ಲ ಅವಳ ತಲೆಗೆ ಕಟ್ಟಿ, ಕೆಲಸದಿಂದ ತೆಗೆಯಿರೆಂದು ಮಾಲಕಿ ಕಸ್ತೂರೆವ್ವನ ಬೆನ್ನು ಹತ್ತಿದ್ದ.

"ಈ ಸಲ ಫೋಲ್ಡರಿನ ಪರ್ಮಿಷನ್ ಹಂಗ ಐತ್ರಿ," ಎಂದ ಕಲ್ಮೇಶ. "ಅದರ ಮ್ಯಾಲಿನ ಇನ್‌ಬಾಕ್ಸ್ ನಿಮಗ ಕಾಣದಂಗ ಮಾಡ್ಯಾರ. ಒಳಗಿನ ಖೋಲಿ ಕೀಲಿ ಕೊಟ್ಟು, ಹೊಸ್ತಿಲಾ ದಾಟಾಕ ಬಿಡದಂಗ."

"ಯಾರು ಮಾಡ್ಯಾರಂತ ಹೋದ ಸಲಾನ ನೋಡಾಕ ಏನಾಗಿತ್ತು?"

"ಹೋದ ಸಲ ನಿಮ್ಮನ್ನ ನೋಡಾಕತ್ತಿದ್ದೆ."

ಅವಳು ನೋಡಿದ ನೋಟಕ್ಕೆ ಬೇರೆಯವನಾಗಿದ್ದರೆ ಬ್ಯಾಗು ಎತ್ತಿಕೊಂಡು ನಡೆಯುತ್ತಿದ್ದ. ಇವನು ನಗುತ್ತ, ಯಾರು ಏನು ಮಾಡಿದರೆಂದು ದಾಖಲಾಗುವ ಸರ್ವರ್‌ನ ಲಾಗ್ ತೆರೆದ. ಓದುತ್ತ ಓದುತ್ತ ನಗು ಇಳಿಯಿತು. ಪ್ರತಿ ಸಲವೂ ಪರ್ಮಿಷನ್ ಕಿತ್ತದ್ದು ರಾಮಲಿಂಗಪ್ಪನ ಕಂಪ್ಯೂಟರಿನಿಂದ. ಕೈತಪ್ಪಿದ ಆರ್ಡರು ಅಲ್ಲಿಂದಲೇ ರಬಕವಿಯಲ್ಲಿ ಸೀರೆ ವ್ಯಾಪಾರ ಮಾಡುವ ಅವನ ಅಳಿಯನ ಮೇಲ್‌ಗೆ ಹೋಗಿತ್ತು.

ಸುಳಿವು ಹತ್ತಿದ ರಾಮಲಿಂಗಪ್ಪ ಕಲ್ಮೇಶನನ್ನು ಕಿಟಕಿಯ ಬಳಿ ಕರೆದೊಯ್ದ. ಹುಡುಗಿಯದೇ ತಪ್ಪೆಂದು ಬರೆದುಕೊಟ್ಟರೆ ಮುಂದಿನ ವರ್ಷದ ಕೆಲಸವೂ ನಿನಗೇ ಎಂದದ್ದು ಪ್ರಾಜಕ್ತಾಳಿಗೆ ಕೇಳಿಸಿತು. ಬರೆದುಕೊಡುತ್ತಾನೆ, ಇಂಥವರ ಬೆಲೆ ಅಷ್ಟೇ ಎಂದುಕೊಂಡಳು. ಆದರೆ ಎದೆಯೊಳಗೆ ಏನೋ ಚುಚ್ಚಿತು. ಚುಚ್ಚಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಕಲ್ಮೇಶ ಲಾಗ್ ಪ್ರಿಂಟ್ ತೆಗೆದು ಕಸ್ತೂರೆವ್ವನ ಮುಂದಿಟ್ಟ. ರಾಮಲಿಂಗಪ್ಪನೂ ಹಿಂದೆಯೇ ಬಂದ.

"ಸರ್ವರಿನ ಪಾಸ್‌ವರ್ಡ್ ಈ ಮ್ಯಾನೇಜರ್ ಸಾಹೇಬರಿಗೆ ಕೊಟ್ಟಾಂವ ನಾನರಿ," ಎಂದ. "ಕೊಡಬಾರದಿತ್ತು. ಈ ಹುಡುಗೀದು ಏನೂ ತಪ್ಪಿಲ್ಲ."

ಕಸ್ತೂರೆವ್ವ ಕಣ್ಣಿನ ಚಾಳೀಸು ತೆಗೆದು ಇಬ್ಬರನ್ನೂ ನೋಡಿದಳು. ರಾಮಲಿಂಗಪ್ಪನಿಗೆ ನಾಳೆಯಿಂದ ಬರಬೇಡ ಎಂದಳು. ಹಾಗೆಯೇ ಕಲ್ಮೇಶನಿಗೂ ಅಂದಳು. ಕೀಲಿ ಕಂಡವರ ಕೈಗೆ ಕೊಡುವವನು ಅವಳಿಗೆ ಬೇಕಿರಲಿಲ್ಲ.

ಸಂಜೆ ಅವನು ಬೈಕ್ ಸ್ಟಾರ್ಟ್ ಮಾಡುವಾಗ ಪ್ರಾಜಕ್ತಾ ಕೆಲಸ ಮುಗಿಸಿ ಹೊರಗೆ ಬಂದಳು. ಸುತ್ತ ಮಗ್ಗಗಳ ಸದ್ದು.

"ಪಾಸ್‌ವರ್ಡಿನ ಮಾತು ಯಾರು ಕೇಳಿದ್ರು ನಿಮಗ? ಹೇಳದಿದ್ದರ ನಿಮ್ಮ ಕೆಲಸ ಉಳೀತಿತ್ತು."

"ಅರ್ಧಾ ಖರೆ ಹೇಳಿದ್ರ ನಿಮ್ಮ ಮುಂದ ನಿಂದ್ರಾಕ ಆಗ್ತಿದ್ದಿಲ್ಲ," ಎಂದ ಅವನು, ಹ್ಯಾಂಡಲ್ ನೋಡುತ್ತ. "ನೀವಂದ್ರ ನನಗ ಭಾಳ ಪ್ರೀತಿರಿ."

ಇಷ್ಟು ಬುದ್ಧಿಗೇಡಿ ಮನುಷ್ಯನನ್ನು ಅವಳು ಕಂಡಿರಲಿಲ್ಲ. ಇಂಥವನನ್ನು ಒಬ್ಬನೇ ಬಿಡುವುದೂ ಸರಿಯಲ್ಲ ಅನ್ನಿಸಿತು.

"ರವಿವಾರ ಮನಿಗೆ ಬರ್ರಿ, ನಮ್ದೂ ಜಮಖಂಡೀನ. ನಮ್ಮ ಆಯಿಗೆ, ಅಂದ್ರ ಅವ್ವಗ, ಕನ್ನಡ ಕಡಿಮಿ. ಮರಾಠಿ ಬರತೈತೇನು?"

"ಇಲ್ಲರಿ."

"ಮತ್ತ ಬರೂದರ ಏನು ನಿಮಗ?" ಎನ್ನುತ್ತ, ಅವನ ಹಿಂದೆ ಬೈಕ್ ಹತ್ತಿ ಕುಳಿತಳು. "ನಡೀರಿ. ಜಮಖಂಡಿ ಮುಟ್ಟೂದರಾಗ ನಾಕು ಮಾತು ಕಲಸತೇನಿ."