ಜಕ್ಕಲೆ ಕಾಯ್ದ ಬಿಸುಪು

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಹಿಮದ ಸೀಮೆಯ ಅಂಚಿನಲ್ಲಿ ಕುಳಿರ್ನಾಡು ಎಂಬ ರಾಜ್ಯವಿತ್ತು. ಅಲ್ಲಿಯ ಅರಸ ತೀರಿಕೊಂಡಿದ್ದ. ರಾಣಿ ಮಾಳಲದೇವಿಗೆ ಇಬ್ಬರು ಮಕ್ಕಳು. ಹಿರಿಯವಳು ಜಕ್ಕಲೆ, ಕಿರಿಯವನು ಏಚರಸ.

ಏಚರಸನಿಗೆ ಪಟ್ಟ ಕಟ್ಟುವ ದಿನ ಕಾಳಕಂಪನೆಂಬ ಮಾಂತ್ರಿಕ ತುಂಬಿದ ಸಭೆಗೆ ಬಂದ.

"ಈ ಸಿಂಹಾಸನವನ್ನು ನನಗೆ ಬಿಟ್ಟುಕೊಡು" ಎಂದ.

"ಮೈಯಲ್ಲಿ ಪ್ರಾಣವಿರುವ ತನಕ ಬಿಡೆನು" ಎಂದ ಏಚರಸ.

ಮಾಂತ್ರಿಕ ಒಂದು ಹಿಡಿ ಬೂದಿ ಎರಚಿದ. ಕಿರೀಟ ಠಣ್ಣೆಂದು ನೆಲಕ್ಕೆ ಬಿತ್ತು. ಸಿಂಹಾಸನದ ಮೇಲೆ ತೋಳುಗಾತ್ರದ ಹೆಬ್ಬಾವೊಂದು ಸುತ್ತಿ ಮಲಗಿತ್ತು.

"ಉತ್ತರಾಯಣದ ಸೂರ್ಯ ಹುಟ್ಟುವ ತನಕ ಬದುಕಿದರೆ ಇವನು ಮತ್ತೆ ಮನುಷ್ಯ. ಸತ್ತರೆ ನಾಡು ನನ್ನದು. ನಾನು ಇವನನ್ನು ಮುಟ್ಟುವುದಿಲ್ಲ. ಮುಟ್ಟಬೇಕಾಗಿಯೂ ಇಲ್ಲ, ನಿಮ್ಮ ಚಳಿಗಾಲ ಇದೆಯಲ್ಲ!" ಎಂದು ಕಾಳಕಂಪ ಮಾಯವಾದ.

ಜಕ್ಕಲೆ ತಮ್ಮನಿಗೆ ಕಂಬಳಿ ಹೊದಿಸಿದಳು. ಅವನು ತಣ್ಣಗಾಗುತ್ತಲೇ ಹೋದ. ಇನ್ನೊಂದು ಕಂಬಳಿ ಹೊದಿಸಿದಳು. ಅವನ ನಾಲಿಗೆ ಹೊರಚಾಚುವುದನ್ನೂ ನಿಲ್ಲಿಸಿತು. ಆಗ ಅವಳು ಓಡುತ್ತ ಮೂಡಣ ಬಂಡೆಗೆ ಹೋದಳು. ಅಲ್ಲಿ ಮಾತು ಬಲ್ಲ ಮುದಿ ಉಡವೊಂದು ಬಿಸಿಲಿಗೆ ಮೈ ಕಾಯಿಸುತ್ತ ಮಲಗಿರುತ್ತಿತ್ತು.

"ಅಜ್ಜಾ, ಎಷ್ಟು ಹೊದಿಸಿದರೂ ನನ್ನ ತಮ್ಮ ಬೆಚ್ಚಗಾಗುತ್ತಿಲ್ಲ" ಎಂದಳು.

ಉಡ ಕಣ್ಣು ತೆರೆಯಿತು. "ಕಂಬಳಿ ಒಳಗಿನ ಬಿಸಿಯನ್ನು ಹಿಡಿದಿಡುತ್ತದೆ, ಮಗಳೇ. ನಮ್ಮ ಮೈಯೊಳಗೆ ಒಲೆಯೇ ಇಲ್ಲ. ನಾವು ಸೂರ್ಯನಿಂದ ಬೇಡಿ ತಂದು ಬದುಕುವವರು. ಅವನಿಗೊಂದು ಕಲ್ಲುಕೋಣೆ ಕಟ್ಟಿಸು. ಅರ್ಧ ನೆಲದಡಿ ಒಲೆಯಿರಲಿ, ಅರ್ಧ ನೆಲ ಬರಿದಿರಲಿ. ಬಿಸಿ ಬೇಕಾದಾಗ ಬಿಸಿಗೆ, ತಂಪು ಬೇಕಾದಾಗ ತಂಪಿಗೆ ಅವನೇ ಹೋಗಲಿ."

"ಎಷ್ಟು ಬಿಸಿ ಸಾಕೆಂದು ನನಗೆ ಹೇಗೆ ತಿಳಿಯಬೇಕು?"

"ಬಿಸಿಯ ಬದಿಯಲ್ಲಿ ಒಂದು ಬಟ್ಟಲು ತುಪ್ಪವಿಡು. ಅದು ಆಗತಾನೇ ಕರಗಿದಂತಿರಬೇಕು, ಕಾಯಬಾರದು. ತಂಪಿನ ಬದಿಯಲ್ಲಿ ತೆಂಗಿನೆಣ್ಣೆಯಿಡು. ಅದು ಹೆಪ್ಪುಗಟ್ಟಬಾರದು. ಬಟ್ಟಲುಗಳನ್ನು ಗೋಡೆಯ ಗೂಡಿನಲ್ಲಿ ಇಟ್ಟೀಯೆ, ಜೋಕೆ! ಅವನ ಹೊಟ್ಟೆ ತಾಗುವ ನೆಲದ ಮೇಲಿಡು. ಇನ್ನೊಂದು ಮಾತು. ಮೈ ತಣ್ಣಗಿದ್ದಾಗ ಉಣಿಸಬೇಡ. ಉಂಡದ್ದು ಅರಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ."

ಜಕ್ಕಲೆ ಹಾಗೆಯೇ ಮಾಡಿದಳು. ಒಲೆಯ ಹೊಗೆಗಂಡಿಗೆ ಮಣ್ಣಿನ ಮುಚ್ಚಳ ಮಾಡಿಸಿ, ಅದನ್ನು ಸರಿಸಿ ಉರಿಯನ್ನು ಏರಿಸುವುದು ಇಳಿಸುವುದು ಕಲಿತಳು. ಬೆಚ್ಚನೆಯ ಕಲ್ಲಿನ ಮೇಲೆ ಹಾವು ಮೆಲ್ಲನೆ ಸುರುಳಿ ಬಿಚ್ಚಿತು. ನಾಲಿಗೆ ಚಾಚಿ ಅಕ್ಕನ ಕೈಯನ್ನು ಮೂಸಿತು. ಅಂದು ಜಕ್ಕಲೆ ಮೊದಲ ಬಾರಿಗೆ ಅತ್ತಳು.

ಮಾಂತ್ರಿಕನಿಗೆ ಸುದ್ದಿ ಮುಟ್ಟಿತು. ಅವನು ಮುದುಕಿಯ ವೇಷದಲ್ಲಿ ಪೇಟೆಗೆ ಬಂದು ಎದೆ ಬಡಿದುಕೊಂಡ. "ನಿಮ್ಮ ದೊರೆ ಚಳಿಗೆ ಸೆಟೆಯುತ್ತಿದ್ದಾನೆ! ನಿಮ್ಮ ಮನೆಗಳಲ್ಲಿ ಸೌದೆ ಇಲ್ಲವೇ?"

ಜನ ಹೊರೆಹೊರೆ ಸೌದೆ ತಂದು ಪ್ರೀತಿಯಿಂದ ಒಲೆಗೆ ತುಂಬಿದರು. ತುಪ್ಪ ಹೊಗೆಯಾಡಿತು. ಹಾವು ತಂಪಿನ ಬದಿಗೆ ಓಡಿತು. ಅಲ್ಲಿಯೂ ನೆಲ ಕಾದಿತ್ತು. ಅದು ಬಾಯಿ ತೆರೆದು ಗೋಡೆಗೆ ತಲೆ ಬಡಿಯತೊಡಗಿತು.

"ನಿಲ್ಲಿಸಿ!" ಎಂದು ಕೂಗುತ್ತ ಬಂದ ಜಕ್ಕಲೆ ಬಾಗಿಲು ತೆರೆದು, ಉರಿಯುವ ಕೊಳ್ಳಿಗಳನ್ನು ಬರಿಗೈಯಲ್ಲಿ ಎಳೆದು ಹೊರಗೆಸೆದಳು. ಅವಳ ಅಂಗೈ ಬೆಂದವು. ತುಪ್ಪದ ಹೊಗೆ ಅಡಗಿತು, ತಮ್ಮ ಬದುಕಿದ.

ಮಾಂತ್ರಿಕ ಎರಡನೆಯ ಬಾರಿ ವ್ಯಾಪಾರಿಯಾಗಿ ಬಂದ. "ಅಮ್ಮಾ, ಇದು ಸೂರ್ಯಶಿಲೆ. ಸೌದೆ ಬೇಡ, ಕಾವಲು ಬೇಡ. ಇದನ್ನು ಅವನಡಿ ಇಟ್ಟು ನೀವು ಒಂದಿಷ್ಟು ಮಲಗಿ" ಎಂದು ಕೆಂಪು ಕಲ್ಲೊಂದನ್ನು ಕೊಟ್ಟ.

ನಿದ್ದೆಗೆಟ್ಟು ಜಕ್ಕಲೆಯ ಕಣ್ಣು ಉರಿಯುತ್ತಿದ್ದವು. ಅವಳು ಕಲ್ಲನ್ನು ಇಟ್ಟಳು, ಮಲಗಿದಳು. ಎದ್ದು ನೋಡಿದಾಗ ಹಾವು ಅದರ ಮೇಲೆ ಹಾಯಾಗಿ ಸುತ್ತಿ ಮಲಗಿತ್ತು. ಆದರೆ ಸುಟ್ಟ ವಾಸನೆ ಬರುತ್ತಿತ್ತು. ಎತ್ತಿ ನೋಡಿದರೆ ಹೊಟ್ಟೆಯ ಪೊರೆ ಬೆಂದು ಕಪ್ಪಾಗಿತ್ತು. ಹೊಟ್ಟೆ ಬೇಯುತ್ತಿದ್ದರೂ ಹಾವಿಗೆ ಅಲ್ಲಿಂದ ಸರಿಯಬೇಕೆಂದು ತೋಚಿರಲಿಲ್ಲ.

"ನನ್ನನ್ನು ನಂಬಿಕೊಂಡು ಮಲಗಿದ್ದೆಯಲ್ಲೋ ತಮ್ಮಾ" ಎಂದು ಅವಳು ಕಲ್ಲನ್ನು ಕಮರಿಗೆ ಎಸೆದಳು. ಗಾಯಕ್ಕೆ ಜೇನು ಸವರಿದಳು. ಆಮೇಲೆ ಕಾವಲನ್ನು ಕಲ್ಲಿಗಾಗಲಿ ಇನ್ನೊಬ್ಬರಿಗಾಗಲಿ ಬಿಡಲಿಲ್ಲ.

ಮೂರನೆಯ ಬಾರಿ ಮಾಂತ್ರಿಕ ಬಿರುಗಾಳಿಯನ್ನು ಕಳಿಸಿದ. ಹಿಮ ಸುರಿಯಿತು. ಕೊಟ್ಟಿಗೆಯ ಸೌದೆಯೆಲ್ಲ ನೆನೆದು ಬರೀ ಹೊಗೆಯಾಯಿತು. ತೆಂಗಿನೆಣ್ಣೆ ಬೆಳ್ಳಗೆ ಗಟ್ಟಿಯಾಯಿತು. ಬಳಿಕ ತುಪ್ಪವೂ ಗಟ್ಟಿಯಾಯಿತು. ಹಾವು ಹಗ್ಗದಂತೆ ಬಿದ್ದುಕೊಂಡಿತು.

ಆಗ ಮಾಂತ್ರಿಕ ತಾನೇ ವೈದ್ಯನ ವೇಷದಲ್ಲಿ ಬಂದು ರಾಣಿಯ ಕಿವಿಯಲ್ಲಿ, "ನಿಮ್ಮ ಮಗ ಹಸಿವಿನಿಂದ ಸಾಯುತ್ತಿದ್ದಾನೆ" ಎಂದ. ರಾಣಿ ಕೋಳಿಯೊಂದನ್ನು ಹಿಡಿದು ಓಡಿಬಂದಳು. ಜಕ್ಕಲೆ ಬಾಗಿಲಿಗೆ ಅಡ್ಡ ನಿಂತಳು.

"ಬೇಡಮ್ಮ. ಈ ಚಳಿಯಲ್ಲಿ ಉಂಡರೆ ಅದೇ ಅವನಿಗೆ ವಿಷ."

"ನೀನು ಅಕ್ಕ. ನಾನು ಹೆತ್ತವಳು! ಹಸಿದ ಮಗನನ್ನು ನೋಡುತ್ತ ಕೂರಲೇ?"

"ನನ್ನನ್ನು ಶಪಿಸಮ್ಮ. ಆದರೆ ಉಣಿಸಬೇಡ. ಅವನಿಗೆ ಈಗ ಬೇಕಾದದ್ದು ಬಿಸಿ. ಒಣಗಿದ ಮರ ಎಲ್ಲಿದೆ ಹೇಳು."

ಕೋಳಿ ರಾಣಿಯ ಕೈಯಿಂದ ಜಾರಿ ಓಡಿತು. ಆಮೇಲೆ ಅವಳು ಸಭಾಮಂಟಪಕ್ಕೆ ನಡೆದಳು. ಅಲ್ಲಿ ದೇವದಾರಿನ ಸಿಂಹಾಸನವಿತ್ತು, ತಲೆತಲಾಂತರದಿಂದ ಒಣಗಿದ ಮರ. ಮಂತ್ರಿಗಳು "ಮಹಾರಾಣಿ!" ಎಂದು ಬಾಯಿಬಿಟ್ಟರು.

"ಕೂರುವವನೇ ಹೋದರೆ ಇದು ಯಾರಿಗೆ?" ಎಂದು ರಾಣಿ ತಾನೇ ಕೊಡಲಿ ಎತ್ತಿದಳು.

ಸಿಂಹಾಸನದ ಕಾಲುಗಳು ಉರಿದವು, ತೋಳುಗಳು ಉರಿದವು, ಬೆನ್ನಿನ ಸಿಂಹಗಳು ಉರಿದವು. ಜಕ್ಕಲೆ ಆತುರಪಡದೆ ಒಂದೊಂದೇ ತುಂಡು ಹಾಕಿದಳು. ತುಪ್ಪ ಕರಗಿತು. ಎಣ್ಣೆ ತಿಳಿಯಾಯಿತು. ಕೊನೆಯ ತುಂಡು ಕೆಂಡವಾಗುವ ಹೊತ್ತಿಗೆ ಬಿರುಗಾಳಿ ನಿಂತು, ಉತ್ತರಾಯಣದ ಸೂರ್ಯ ಹುಟ್ಟಿದ.

ಹಾವಿನ ಪೊರೆ ಮೂತಿಯಿಂದ ಬಾಲದ ತನಕ ಸೀಳಿತು. ಒಳಗಿಂದ ಏಚರಸ ಎದ್ದು ಕೂತ. "ಅಕ್ಕಾ, ನಿನ್ನ ಕೈಗೇನಾಯಿತು?" ಎಂದ. ಅದೇ ಅವನ ಮೊದಲ ಮಾತು. ರಾಣಿ ಮಕ್ಕಳಿಬ್ಬರನ್ನೂ ತಬ್ಬಿಕೊಂಡಳು.

ಮಾಟ ಗುರಿ ತಪ್ಪಿದರೆ ಮಾಡಿದವನಿಗೇ ತಿರುಗುತ್ತದೆ. ಅರಮನೆಯ ಅಂಗಳದಲ್ಲಿ, ವೈದ್ಯನ ಬಟ್ಟೆಗಳ ರಾಶಿಯಿಂದ ಬೂದುಬಣ್ಣದ ಹಾವೊಂದು ಹೊರಬಂದು ಹಿಮದ ಮೇಲೆ ತೆವಳಲಾರದೆ ಸೆಟೆಯುತ್ತಿತ್ತು. ಕಾಳಕಂಪನ ಮಂತ್ರಗಳೆಲ್ಲ ನಾಲಿಗೆಯಿಂದ ಅಳಿಸಿಹೋಗಿದ್ದವು. ಕಾವಲುಗಾರರು ದೊಣ್ಣೆ ಎತ್ತಿದರು.

"ತಡೆಯಿರಿ" ಎಂದ ಏಚರಸ. ಬರಿಗಾಲಲ್ಲೇ ಹಿಮಕ್ಕಿಳಿದು ಹಾವಿನ ಮುಂದೆ ನಿಂತ. "ಅಕ್ಕಾ, ಇವನ ಮೇಲೆ ನನಗೆ ಕರುಣೆಯಿಲ್ಲ. ಆದರೆ ಆ ಚಳಿ ಎಂಥದೆಂದು ನನಗೆ ಗೊತ್ತು. ಅದನ್ನು ನಾನು ಯಾರಿಗೂ ಕೊಡಲಾರೆ."

ಜಕ್ಕಲೆ ಹಾವನ್ನು ಎತ್ತಿ ತಂದು ಬೆಚ್ಚನೆಯ ಕಲ್ಲಿನ ಮೇಲೆ ಮಲಗಿಸಿ, ಬಾಗಿಲು ಭದ್ರವಾಗಿ ಹಾಕಿ, ಬಟ್ಟಲಿನ ತುಪ್ಪವನ್ನು ಬಗ್ಗಿ ನೋಡಿದಳು.

ಏಚರಸ ಸಿಂಹಾಸನವಿಲ್ಲದೆ, ಚಾಪೆಯ ಮೇಲೆ ಕೂತು ಬಹುಕಾಲ ರಾಜ್ಯವಾಳಿದ. ಕುಳಿರ್ನಾಡಿನ ಜನ ಉಂಡು ಉಟ್ಟು, ಒಬ್ಬರ ಒಲೆಗೆ ಒಬ್ಬರು ಕೆಂಡ ಕೊಟ್ಟುಕೊಂಡು, ಚಳಿಗಾಲಗಳನ್ನೆಲ್ಲ ಸುಖವಾಗಿ ದಾಟಿದರು.