ಸುಂಡಿಲಿ ಉಜ್ಜಿದ ದಾರಿ

“ಸಾಕು ಸುಂಡಿಲಿ. ಇನ್ನು ಉಜ್ಜಬೇಡ.”

ಅಮ್ಮನ ದನಿ ಕೇಳಿ ಸುಂಡಿಲಿ ಕೈ ತೆಗೆದಳು. ಗ್ಯಾರೇಜಿನ ಮೇಜಿನ ಮೇಲೆ ಚಿಕ್ಕಮ್ಮನ ರೇಸ್ ಬೈಕಿನ ಸಿಲಿಂಡರ್ ಹೆಡ್, ಅಂದರೆ ಇಂಜಿನ್ನಿನ ತಲೆಭಾಗ, ಇತ್ತು. ಇಂಜಿನ್ ಒಳಗೆ ಗಾಳಿ ಹೋಗಲು ಅದರಲ್ಲಿ ಎರಡು ದಾರಿಗಳು. ಒಂದನ್ನು ಮೆಕ್ಯಾನಿಕ್ ಅಮ್ಮ ಉಜ್ಜಿ ಸರಿಮಾಡಿದ್ದಳು. ಇನ್ನೊಂದನ್ನು ಮೊದಲ ಸಲ ಮಗಳಿಗೆ ಬಿಟ್ಟಿದ್ದಳು.

“ನೋಡಮ್ಮ, ಕನ್ನಡಿ ಥರ ಹೊಳೀತಿದೆ. ನಿಂದು ಇಷ್ಟು ನೈಸ್ ಆಗಿಲ್ಲ.”

ಅಮ್ಮ ಟಾರ್ಚ್ ಹಿಡಿದು ಇಣುಕಿದಳು. ಹೊಗಳಲಿಲ್ಲ.

“ಒರಟು ಸ್ಯಾಂಡ್ ಪೇಪರಲ್ಲಿ ಉಜ್ಜಿದ್ರೆ ಸಾಕು ಅಂದಿದ್ದೆ ತಾನೆ?”

“ನುಣುಪು ಪೇಪರೂ ಅಲ್ಲೇ ಇತ್ತು. ಅದಕ್ಕೆ…”

“ಗುಡಿಸು ಅಂದ್ರೆ ಗೋಡೆಗೆ ಸುಣ್ಣಾನೂ ಹೊಡೆಯೋಳು ನೀನು.”

ಅಮ್ಮ ಕಿಟಕಿಯ ಗಾಜಿನ ಮೇಲೆ ನೀರು ಚಿಮುಕಿಸಿದಳು. ಹನಿಗಳು ಒಂದಕ್ಕೊಂದು ಕೂಡಿಕೊಂಡು ಕೆಳಗೆ ಹರಿದವು.

“ಪೆಟ್ರೋಲೂ ಹೀಗೇ. ಗಾಳಿ ಜೊತೆ ಮಂಜಿನ ಹಾಗೆ ಹೋಗ್ಬೇಕು. ಗೋಡೆ ತೀರಾ ನುಣ್ಣಗಿದ್ರೆ ಅಂಟ್ಕೊಂಡು ಹರಿಯುತ್ತೆ. ಸ್ವಲ್ಪ ಒರಟಿದ್ರೆ ಗಾಳಿ ಅದನ್ನ ಎಬ್ಬಿಸಿಕೊಂಡು ಹೋಗುತ್ತೆ.”

ಸುಂಡಿಲಿಯ ಮುಖ ಸಣ್ಣದಾಯಿತು. ನಾಳೆಯೇ ರೇಸು. ಅಮ್ಮ ಈಗ ಕೆಲಸ ಕಿತ್ತುಕೊಂಡರೆ ಮತ್ತೆ ಕೈಗೆ ಕೊಡುವುದಿಲ್ಲ.

“ನಾನೇ ಸರಿ ಮಾಡ್ಲಾ?”

ಅಮ್ಮ ಒರಟು ಪೇಪರನ್ನು ಕಡ್ಡಿಗೆ ಸುತ್ತಿ ಕೊಟ್ಟಳು. “ಹೊಳಪು ಹೋಗ್ಲಿ. ಆಕಾರ ಕೆಡಬಾರದು.”

ಅಷ್ಟು ಕಷ್ಟಪಟ್ಟು ತಂದ ಹೊಳಪನ್ನು ತಾನೇ ಕೆರೆಯಲು ಸುಂಡಿಲಿಗೆ ಮನಸ್ಸಿರಲಿಲ್ಲ. ಆದರೂ ಕೆರೆದಳು. ನಡುನಡುವೆ ಕಣ್ಣು ಮುಚ್ಚಿ ಅಮ್ಮನ ದಾರಿಯಲ್ಲಿ ಬೆರಳಾಡಿಸಿದಳು, ಆಮೇಲೆ ತನ್ನದರಲ್ಲಿ. ವಾಲ್ವ್ ಹತ್ತಿರದ ತಿರುವಿನಲ್ಲಿ ಕೈ ಇನ್ನಷ್ಟು ಹಗುರ ಮಾಡಿದಳು.

ಕೊನೆಗೆ ಅಮ್ಮ ಹೆಡ್ಡಿಗೆ ಹಳೇ ವ್ಯಾಕ್ಯೂಮ್ ಕ್ಲೀನರ್ ಜೋಡಿಸಿದಳು. ಅದು ಅಮ್ಮ ಉಜ್ಜಿದ ದಾರಿಯಿಂದ ಗಾಳಿ ಎಳೆದಾಗ, ಪಕ್ಕಕ್ಕೆ ಸಿಕ್ಕಿಸಿದ್ದ ಪಾರದರ್ಶಕ ಕೊಳವೆಯಲ್ಲಿ ಬಣ್ಣದ ನೀರು ಏರಿದ ಜಾಗಕ್ಕೆ ಗೆರೆ ಹಾಕಿದಳು. ಎರಡೂ ದಾರಿಯಲ್ಲಿ ಗಾಳಿ ಒಂದೇ ಸಮ ಹೋದರೆ ನೀರು ಅಲ್ಲೇ ನಿಲ್ಲಬೇಕು. ಈಗ ಸುಂಡಿಲಿಯ ದಾರಿಯ ಸರದಿ. ನೀರು ಏರಿತು, ನಡುಗಿತು, ಗೆರೆಯ ಮೇಲೆ ನಿಂತಿತು.

ಅಮ್ಮ ಸ್ವಿಚ್ ಆಫ್ ಮಾಡಿದಳು. ಮುಖದ ನಗು ಅಡಗಲಿಲ್ಲ.

ಸಂಜೆ ಚಿಕ್ಕಮ್ಮ ಬಂದು ಹೆಡ್ಡನ್ನು ಅತ್ತ ಇತ್ತ ತಿರುಗಿಸಿ ನೋಡಿದಳು. “ಇದ್ರಲ್ಲಿ ನಿಂದು ಯಾವ್ದೇ?”

ಸುಂಡಿಲಿ ಟಾರ್ಚ್ ಹಾಕಿ ಒಂದರೊಳಗೆ ನೋಡಿದಳು. ಇನ್ನೊಂದರೊಳಗೂ ನೋಡಿದಳು. ಬೆರಳು ಹಾಕಿದಳು.

“ಗೊತ್ತಾಗ್ತಿಲ್ಲ, ಚಿಕ್ಕಮ್ಮ,” ಅಂದಳು. ಹಾಗನ್ನುವಾಗ ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು.