ಗೊಂಬೆಯ ಎದೆಯೊಳಗಿನ ಕಲ್ಲು

“ಅಳಿಯಂದ್ರೇ, ಕೈ ಮುಗೀತೀನಿ, ನನ್ನ ಮಗನ್ನ ನಿಮ್ಮ ಜಿಮ್ಮಲ್ಲಿ ಓಡಿಸಬೇಡಿ,” ಎಂದರು ಅತ್ತೆ. “ಅಟ್ಟದ ಮೇಲಿರೋ ಗೊಂಬೆ ನಮ್ಮ ಮಾವನವರ ಮೊದಲ ಹೆಂಡತಿ ಮಾಡಿಸಿಟ್ಟ ಮಾಟ. ‘ಈ ಮನೆ ಗಂಡಸರ ಎದೆ ಕಲ್ಲಾಗಲಿ’ ಅಂದ್ಲಂತೆ. ಮಾವ, ಮೈದುನ, ಇವನಪ್ಪ, ಎಲ್ಲರೂ ಓಡ್ತಾ ಓಡ್ತಾನೇ ಎದೆ ಹಿಡ್ಕೊಂಡು ತೀರ್ಕೊಂಡ್ರು.”

ಅಳಿಯ ನಕ್ಕ. ಆ ನಗೆಗೆ ಗೋಡೆಯ ಗಾರೆ ಉದುರಿತೆಂದರೆ ನೀವು ನಂಬಲೇಬೇಕು. ಜಿಮ್ ನಡೆಸುವ ಅವನನ್ನು ಊರೇ ಪೈಲ್ವಾನ ಎನ್ನುತ್ತಿತ್ತು. ಎದೆ ಹೆಬ್ಬಾಗಿಲಷ್ಟು, ಬಾಯಿ ಅದಕ್ಕಿಂತ ಒಂದು ಗೇಣು ಅಗಲ. ಅಟ್ಟದ ಕತ್ತಲಿಂದ ಮಾಟದ ಗೊಂಬೆಯನ್ನು ಎಳೆದು ತಂದು ಎಲ್ಲರೆದುರೇ ಸೀಳಿದ. ಸುಟ್ಟ ಕೂದಲಿನ ನಾತ ಏಳು ಬೀದಿಗೆ ಹಬ್ಬಿತು. ಗೊಂಬೆಯ ಎದೆಯಿಂದ ಕರಿಕಲ್ಲೊಂದು ಠಕ್ಕನೆ ಬಿತ್ತು.

“ಆಯ್ತಲ್ಲ ಬಿಡುಗಡೆ! ಬಾರೋ, ಕಲ್ಲೆದೆ ವೀರ!” ಎಂದು ಭಾವಮೈದನ ಕೈ ಹಿಡಿದ.

ಹೆಂಡತಿ ತಡೆದಳು. “ಬೇಡ ರೀ. ಮೆಟ್ಟಿಲು ಹತ್ತಿದ್ರೆ ನನಗೂ ಎದೆ ಹಿಡ್ಕೊಳ್ಳತ್ತೆ...”

“ಅದು ಮಾಟ ಅಲ್ಲ ಕಣೇ, ಸೋಮಾರಿತನ!”

“ನೀನು ಹೆಣ್ಣು, ನಿನಗೇನಾಗತ್ತೆ? ಸುಮ್ಮನಿರು,” ಎಂದು ಅತ್ತೆಯೂ ಗದರಿದರು.

ಮೂರನೇ ಮಹಡಿಯ ಜಿಮ್. ಬೆವರು, ರಬ್ಬರು, ತುಕ್ಕಿನ ವಾಸನೆ. ಓಡುವ ಯಂತ್ರ ಗುಡುಗಿತು. ಭಾವಮೈದ ಓಡಿದ. ದಡ್. ದಡ್. ದಡ್. ಕರೆಂಟು ಹೋಯಿತು. ಕತ್ತಲು.

“ಬದುಕಿದ್ದೀಯೇನೋ?”

“ಇದ್ದೀನಿ ಭಾವ!”

ಪೈಲ್ವಾನ ತೊಡೆ ತಟ್ಟಿದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆಗಳು. ತಮ್ಮನಿಗೇನಾಯಿತೋ ಎಂದು ಕೂಗುತ್ತ ಹೆಂಡತಿ ಓಡಿ ಬರುತ್ತಿದ್ದಳು. ಬಾಗಿಲಲ್ಲಿ ಏನೋ ದೊಪ್ಪೆಂದಿತು.

“ನಾಟಕ ಸಾಕು, ಏಳೇ,” ಎಂದು ಅವನು ನಕ್ಕ.

ದೀಪ ಬಂತು. ತುಟಿ ನೀಲಿ. ಉಸಿರಿಲ್ಲ. ನಾಡಿಯಿಲ್ಲ. ಎದೆ ಒತ್ತಿದ. ಒತ್ತಿದ. ಒತ್ತಿದ. ಆಸ್ಪತ್ರೆಯವರು ಬಂದು ಎದೆಗೆ ಶಾಕ್ ಕೊಟ್ಟ ಮೇಲೆ ಉಸಿರು ಮರಳಿತು.

ಆಸ್ಪತ್ರೆಯಲ್ಲಿ ಅವಳ ಎದೆಯ ಸ್ಕ್ಯಾನಿನ ಪರದೆಯಲ್ಲಿ ಆ ಕರಿಕಲ್ಲೇ ಮಿಡಿಯುತ್ತಿದ್ದಂತೆ ಕಂಡಿತು.

“ಹೃದಯದ ಸ್ನಾಯು ದಪ್ಪ ಆಗಿದೆ,” ಎಂದರು ಡಾಕ್ಟರಮ್ಮ. “ವಂಶದಲ್ಲಿ ಬರೋ ಕಾಯಿಲೆ. ಗಂಡು ಹೆಣ್ಣು ಅಂತ ನೋಡಲ್ಲ. ಎದೆನೋವು, ಸುಸ್ತು ಅಂತ ಮುಂಚೆ ಏನಾದ್ರೂ ಹೇಳಿದ್ರಾ?”

“ಹೇಳಿದ್ಲು. ಸೋಮಾರಿತನ ಅಂದೆ,” ಎಂದಿತು ಹೆಬ್ಬಾಗಿಲಿಗಿಂತ ಅಗಲದ ಬಾಯಿ. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

“ಮಕ್ಕಳಿದ್ರೆ ಅವರಿಗೂ ಪರೀಕ್ಷೆ ಆಗ್ಬೇಕು.”

ಹೊರಗೆ ಉದ್ದನೆಯ ಓಣಿಯಂಥ ಹಾದಿ. ಆ ತುದಿಯಲ್ಲಿ ಮಗಳು ಕಂಡಳು, ಕೈ ಚಾಚಿ, “ಅಪ್ಪಾ!” ಎನ್ನುತ್ತ ಓಡಿ ಬಂದಳು. ದಡ್. ದಡ್. ದಡ್.

ಊರಿಗೆಲ್ಲ ‘ಓಡು, ಓಡು’ ಎಂದು ಅರಚಿದವನು ಎರಡೂ ಕೈ ಜೋಡಿಸಿದ.

“ಓಡಬೇಡ ಪುಟ್ಟೀ... ಕೈ ಮುಗೀತೀನಿ, ಓಡಬೇಡ.”